ಊರಬಾಗಿಲಿಗೆ ಬಂದ ಹಲ್ಲಿ

ನಮ್ಮ ಮನೆ, ಅಂಗಡಿಯ ಮೇಲಿನ ಮಹಡಿ, ನಿನ್ನ ಕೋಣೆ, ನಿನ್ನದೇ ಕುರ್ಚಿ
ತಾರೀಖು ಹತ್ತೊಂಬತ್ತು, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಣ್ಣಾ,

ಮೊದಲು ಆರೋಗ್ಯದ ವಿಚಾರ. ಇಂಜಿನ್ ರೂಮಿನ ಬಿಸಿ ಪೈಪು ತಾಗಿ ಸುಟ್ಟ ಅಂಗೈ ವಾಸಿಯಾಯಿತೇ? ಮುಲಾಮು ಹಚ್ಚುತ್ತಿದ್ದೀಯೋ ಅಥವಾ ಹಡಗಿನಲ್ಲೂ ಗಾಯವನ್ನು ಪ್ಯಾಂಟಿಗೆ ಒರೆಸಿಕೊಂಡು ಓಡಾಡುತ್ತಿದ್ದೀಯೋ? ಅಮ್ಮ ದಿನಕ್ಕೆರಡು ಬಾರಿ ಕೇಳುತ್ತಾಳೆ, ನನ್ನನ್ನು ಕೇಳಿದರೆ ನನಗೇನು ಗೊತ್ತು ಎಂದು ನಾನೂ ದಿನಕ್ಕೆರಡು ಬಾರಿ ಹೇಳುತ್ತೇನೆ. ವಾಂತಿ ನಿಂತಿದೆ ಎಂದು ಕಳೆದ ಸಲ ನೀನು ಬರೆದಿದ್ದೆ. ಸಮುದ್ರವೇ ನಿನ್ನನ್ನು ನೋಡಿ ನೋಡಿ ಬೇಸತ್ತು ಸುಮ್ಮನಾಗಿರಬೇಕು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಗ್ರಂಥಾಲಯದ ಕೌಂಟರಿನಲ್ಲಿ ಕೂತು, ಪುಸ್ತಕ ತಡವಾಗಿ ತಂದವರನ್ನು ಕನ್ನಡಕದ ಮೇಲಿಂದ ನೋಡಿಯೇ ಅರ್ಧ ಕೊಲ್ಲುತ್ತಾಳೆ. ನಾನು ಪರೀಕ್ಷೆಗೆ ಓದಿಕೊಳ್ಳುವ ರಜೆಯಲ್ಲಿದ್ದೇನೆ, ಆದ್ದರಿಂದ ಓದನ್ನು ಬಿಟ್ಟು ಉಳಿದೆಲ್ಲ ಕೆಲಸಗಳೂ ಸಾಂಗವಾಗಿ ನಡೆಯುತ್ತಿವೆ. ಅಪ್ಪನ ಆರೋಗ್ಯದ ಬಗ್ಗೆ ನೀನು ಕೇಳುವುದಿಲ್ಲ ಎಂಬುದು ನನಗೆ ಗೊತ್ತಿದೆ. ಕೇಳದಿದ್ದರೂ ಈ ಪತ್ರ ಪೂರ್ತಿ ಅದೇ ಇದೆ, ಓದದೆ ಗತಿಯಿಲ್ಲ.

ಈಗ ತಮ್ಮ ಸನ್ನಿಧಾನಕ್ಕೆ ತಿಳಿಯಪಡಿಸುವುದೇನೆಂದರೆ, ಟಿವಿಗೆ ಜೋಡಿಸಿದ ನಿನ್ನ ಆಟದ ಪೆಟ್ಟಿಗೆಯ ಮೇಲೆ ನೀನು ಹೋಗುವ ದಿನ ಅಂಟಿಸಿದ ಚೀಟಿ ಇನ್ನೂ ಇದೆ. "ಕಪಿ ಮುಟ್ಟಬಾರದು" ಎಂಬ ಆ ಶಾಸನಕ್ಕೆ ನಾನು ಪೂರ್ತಿ ಗೌರವ ಕೊಟ್ಟಿದ್ದೇನೆ. ಚೀಟಿಯನ್ನು ಮುಟ್ಟಿಯೇ ಇಲ್ಲ, ಪೆಟ್ಟಿಗೆಯನ್ನು ಮಾತ್ರ ಮುಟ್ಟಿದೆ. ನೀನು ಹೋದ ಮೊದಲ ವಾರವೇ ಒಮ್ಮೆ ತೆರೆದು ನೋಡಿದ್ದೆ. ಪರದೆಯ ಮೂಲೆಯಲ್ಲಿ ಆಡಿದ ಒಟ್ಟು ಸಮಯ ತೋರಿಸುತ್ತದಲ್ಲ, ಅಲ್ಲಿ ನಾನೂರಾ ಹನ್ನೆರಡು ಗಂಟೆ ಎಂದಿತ್ತು. ಒಬ್ಬ ಮನುಷ್ಯ ಇಷ್ಟು ಹೊತ್ತು ಓದಿದ್ದರೆ ಏನೇನು ಆಗಬಹುದಿತ್ತು ಎಂದು ಅಪ್ಪನ ಧ್ವನಿಯಲ್ಲಿ ಯೋಚಿಸಿ, ನಕ್ಕು, ಆಟದೊಳಗಿನ ಆ ಕೋಟೆಯೂರಿನಲ್ಲಿ ನೀನು ಕಟ್ಟಿಸಿದ ಮನೆಗೆ ಹೋಗಿ, ನಿನ್ನ ವೀರನನ್ನು ಹಾಸಿಗೆಯ ಮೇಲೆ ಬೂಟು ಸಮೇತ ಮಲಗಿಸಿ ಆಫ್ ಮಾಡಿಬಿಟ್ಟೆ. ಆಮೇಲೆ ತಿಂಗಳುಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. ಓದುವ ರಜೆ ಶುರುವಾದ ಮೇಲೆ, ಎರಡನೇ ದಿನ, ಜ್ಞಾನದಾಹ ತಡೆಯಲಾರದೆ ಮತ್ತೆ ತೆರೆದೆ. ಐನೂರಾ ಹತ್ತೊಂಬತ್ತು ಗಂಟೆ. ಹಾಸಿಗೆಯ ಮೇಲೆ ಬಿದ್ದಿರಬೇಕಾದ ವೀರ ಊರ ಹೆಬ್ಬಾಗಿಲ ಹೊರಗೆ, ಕತ್ತಿ ಹಿಡಿದು, ಆಕಾಶ ನೋಡುತ್ತ ನಿಂತಿದ್ದ.

ಯಾರು ಆಡಿರಬಹುದೆಂದು ಬೆರಳು ಮಡಚಿ ಲೆಕ್ಕ ಹಾಕಿದೆ. ನೀನು ಸಮುದ್ರದ ಮೇಲೆ. ಅಮ್ಮನಿಗೆ ಟಿವಿಯ ರಿಮೋಟೇ ಕೈಗೆ ಬಗ್ಗುವುದಿಲ್ಲ. ಕಳ್ಳ ಬಂದಿದ್ದರೆ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದನೇ ಹೊರತು ನೂರು ಗಂಟೆ ಕೂತು ಆಡಿ ಹೋಗುತ್ತಿರಲಿಲ್ಲ. ಹಾಗಾಗಿ ಮಾರನೇ ದಿನ ತನಿಖಾ ಆಯೋಗ ರಚನೆಯಾಯಿತು. ಅಧ್ಯಕ್ಷೆ ನಾನು, ಸದಸ್ಯೆ ನಾನು, ಕಚೇರಿ ನಿನ್ನ ಕೋಣೆಯ ಬಾಲ್ಕನಿ. ಒಣಹಾಕಿದ ಬೆಡ್‌ಶೀಟಿನ ಹಿಂದೆ ಬಕೆಟ್ಟು ಮಗುಚಿ ಹಾಕಿಕೊಂಡು ಕೂತೆ. ನಾನು ಅಮ್ಮನ ಗ್ರಂಥಾಲಯದಲ್ಲಿ ಓದುತ್ತಿದ್ದೇನೆ ಎಂದು ಅಪ್ಪನ ನಂಬಿಕೆ. ಎರಡು ಗಂಟೆಗೆ ಕೆಳಗೆ ಅಂಗಡಿಯ ಶಟರ್ ಎಳೆದ ಸದ್ದಾಯಿತು. ಊಟದ ಸದ್ದು ಹತ್ತು ನಿಮಿಷ. ಆಮೇಲೆ ನಿನ್ನ ಕೋಣೆಯ ಬಾಗಿಲು ತೆರೆಯಿತು.

ಅಣ್ಣಾ, ಅಪ್ಪ.

ಕೈ ತೊಳೆದುಕೊಂಡು ಬಂದಿದ್ದರು. ಭೂತಗನ್ನಡಿ ಹಣೆಯ ಮೇಲೆಯೇ ಇತ್ತು, ಕೆಳಗೆ ಯಾರದೋ ಗಡಿಯಾರದ ಹೊಟ್ಟೆ ಬಿಚ್ಚಿಟ್ಟು ಬಂದಿರಬೇಕು. ನೀನು ಕಾಲು ಚಾಚಿ ಅರ್ಧ ಮಲಗಿ ಆಡುತ್ತಿದ್ದ ಇದೇ ಕುರ್ಚಿಯ ಅಂಚಿನಲ್ಲಿ, ಬೇರೆಯವರ ಮನೆಗೆ ಬಂದವರ ಹಾಗೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಕಂಟ್ರೋಲರನ್ನು ಬಟ್ಟೆಯಿಂದ ಒರೆಸಿ, ಯಾರೋ ಎತ್ತಿಕೊಳ್ಳಲು ಕೊಟ್ಟ ಹಸುಗೂಸನ್ನು ಹಿಡಿದ ಹಾಗೆ ಹಿಡಿದರು. ಗುಹೆ ಇಲ್ಲ, ನಿಧಿ ಇಲ್ಲ, ಯುದ್ಧ ಇಲ್ಲ. ಆ ಕೋಟೆಯ ಗೋಡೆಯ ಸುತ್ತ ನಡೆಯುವುದು, ಹೆಬ್ಬಾಗಿಲಿಗೆ ಬರುವುದು, ಒಳಗೆ ಹೋಗಿ ನಿನ್ನ ಮನೆಯ ಬೀಗ ಭದ್ರವಾಗಿದೆಯೇ ನೋಡುವುದು, ಮತ್ತೆ ಹೊರಗೆ ಬಂದು ಗೋಡೆಯ ಸುತ್ತ ನಡೆಯುವುದು. ನಲವತ್ತು ನಿಮಿಷ ಇಷ್ಟೇ. ಬಾಗಿಲಲ್ಲಿ ಆ ಮುದಿ ಕಾವಲುಗಾರ ಇದ್ದನಲ್ಲ, ಒಳಗೆ ಬರುವಾಗಲೆಲ್ಲ ಒಂದೇ ಮಾತು ಹೇಳುವವನು, "ಬಂದ್ಯಾ? ಬಾಗಿಲು ತೆಗೆದೇ ಇದೆ" ಎಂದು. ನೀನು ಕಾಲೇಜಿನಿಂದ ಬಂದು ಅಂಗಡಿಯ ಮೆಟ್ಟಿಲು ಹತ್ತುತ್ತ ಅವನದೇ ಗೊಗ್ಗರು ದನಿಯಲ್ಲಿ ಅಪ್ಪನಿಗೆ ಅದನ್ನೇ ಹೇಳಿ ರೇಗಿಸುತ್ತಿದ್ದೆ, ಅವರು ತಲೆ ಎತ್ತದೆ ಮೀಸೆಯ ಒಳಗೇ ನಗುತ್ತಿದ್ದರು. ಅವನು ಪರದೆಯ ಮೇಲೆ ಆ ಮಾತು ಹೇಳಿದಾಗ ಅಪ್ಪ ಜೋರಾಗಿ, ಅಂಗಡಿಗೆ ಬಂದ ಹಿರಿಯರಿಗೆ ಹೇಳುವ ಹಾಗೆ, "ಹ್ಞೂಂ, ಬಂದೆ" ಎಂದರು. ಪ್ರತಿ ಸಲ. ನಾನು ಬೆಡ್‌ಶೀಟಿನ ಮೂಲೆಯನ್ನು ಬಾಯಿಗೆ ತುರುಕಿಕೊಂಡು ನಗು ತಡೆದೆ. ಅದು ನಗುವೇ ಎಂದು ಆಗ ಅಂದುಕೊಂಡಿದ್ದೆ.

ಅವರು ಯಾಕೆ ಹೀಗೆ ಸುತ್ತುತ್ತಾರೆಂಬುದು ಅವರು ಕೆಳಗಿಳಿದ ಮೇಲೆ ತಿಳಿಯಿತು. ನಿನ್ನ ಮೇಜಿನ ಸೆಳೆಖಾನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಗಳು, ಅವುಗಳ ಬೆನ್ನ ಮೇಲೆ ಅಪ್ಪನ ಇರುವೆ ಸಾಲಿನ ಅಕ್ಷರ. ತಾರೀಖು, ಗಂಟೆ, ನಿಮಿಷ, ಸೆಕೆಂಡು. ಆಟದೊಳಗೆ ಮೋಡವೋ ಬಿಸಿಲೋ. ಕೊನೆಯಲ್ಲಿ "ಹಲ್ಲಿ ಬಂತು" ಅಥವಾ "ಹಲ್ಲಿ ಬರಲಿಲ್ಲ". ಡ್ರ್ಯಾಗನ್ನಿಗೆ ಅವರು ಇಟ್ಟ ಹೆಸರು ಹಲ್ಲಿ. ಬೆಂಕಿ ಉಗುಳುವ, ಮನೆಯಷ್ಟು ದೊಡ್ಡ, ಜನ ನಡುಗುವ ಆ ಪ್ರಾಣಿಗೆ ಇದಕ್ಕಿಂತ ದೊಡ್ಡ ಅವಮಾನವನ್ನು ನಾನೂ ಮಾಡಿರಲಿಲ್ಲ. ಅದು ಯಾವಾಗ ಬರುತ್ತದೆಂದು ಹೇಳಲಾಗದು, ಊರ ಹತ್ತಿರ ಎಲ್ಲೆಂದರಲ್ಲಿ ಇಳಿಯುತ್ತದೆ, ಬಂದರೆ ಅಂಗಡಿಯವರು ದನಕರು ಯಾರು ಸತ್ತರೂ ಸತ್ತಂತೆಯೇ, ಇದು ನಮ್ಮಿಬ್ಬರಿಗೂ ಗೊತ್ತಿರುವ ಸಂಗತಿ. ಅಪ್ಪ ಅದನ್ನು ಒಪ್ಪಿಲ್ಲ. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ, ಮನಸ್ಸಿಗೆ ಬಂದಾಗ ಬರುತ್ತದೆ ಎಂದರೆ ಹೇಗೆ ಒಪ್ಪಿಯಾರು? ಅವರ ಅಂಗಡಿಗೆ ಬರುವವರೆಲ್ಲ ಹೇಳುವುದು ಅದನ್ನೇ ತಾನೇ, "ಸ್ವಾಮಿ, ಇದು ಮನಸ್ಸಿಗೆ ಬಂದಾಗ ನಡೆಯುತ್ತೆ, ಮನಸ್ಸಿಗೆ ಬಂದಾಗ ನಿಲ್ಲುತ್ತೆ" ಎಂದು. ಆಗ ಅಪ್ಪ ಹೇಳುವ ಮಾತು ನಿನಗೂ ಬಾಯಿಪಾಠ, "ಹಾಗಂತ ಒಂದಿಲ್ಲ. ಎಲ್ಲೋ ಒಂದು ಹಲ್ಲು ಸವೆದಿರುತ್ತೆ." ಒಂಬತ್ತು ಹಾಳೆ ತುಂಬಿಸಿ ಕೊನೆಯ ಹಾಳೆಯ ಕೆಳಗೆ ಬರೆದಿದ್ದರು: ನಿಯಮ ಇದೆ. ಇನ್ನೂ ಸಿಕ್ಕಿಲ್ಲ.

ಅದಕ್ಕೂ ಮೇಲೆ, ಮೊದಲ ಹಾಳೆಯ ನೆತ್ತಿಯ ಮೇಲೆ, ಅಡಿಗೆರೆ ಎಳೆದು ಒಂದು ಸಾಲು ಇತ್ತು: ಅವನು ಬರುವವರೆಗೆ ಊರು ಇದ್ದ ಹಾಗೇ ಇರಬೇಕು.

ಇಲ್ಲಿ ಎದ್ದು ಎರಡು ಸುತ್ತು ನಡೆದು ಬಂದೆ. ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಈ ಹದಿನೇಳು ದಿನದಿಂದ ಹೀಗೇ, ಕೂತರೆ ಏಳಬೇಕು, ಎದ್ದರೆ ಕೂರಬೇಕು. ಪುಸ್ತಕ ತೆರೆದರೆ ಅಕ್ಷರಗಳು ಅಲ್ಲೇ ಇರುತ್ತವೆ, ನಾನಿರುವುದಿಲ್ಲ. ಅಮ್ಮ ಹೊಟ್ಟೆಯಲ್ಲಿ ಹುಳ ಇರಬೇಕೆಂದು ಮಾತ್ರೆ ತಂದುಕೊಟ್ಟಳು. ನುಂಗಿದೆ. ಹುಳವಿದ್ದರೆ ಸತ್ತಿರುತ್ತದೆ. ಇದು ಸಾಯಲಿಲ್ಲ.

ಹದಿನೇಳು ದಿನದ ಲೆಕ್ಕಕ್ಕೆ ಬರುವ ಮೊದಲು ನನ್ನ ಸಾಧನೆಗಳ ವರದಿ ಒಪ್ಪಿಸುತ್ತೇನೆ. ಇಷ್ಟು ಒಳ್ಳೆಯ ಗುಟ್ಟು ಕೈಗೆ ಸಿಕ್ಕ ಮೇಲೆ ನಾನು ಸುಮ್ಮನಿರುವ ಜಾತಿಯೇ? ಅಪ್ಪ ಕೆಳಗಿಳಿದ ಮೇಲೆ ದಿನವೂ ನಾನೊಂದು ಗಳಿಗೆ ಪೆಟ್ಟಿಗೆಯ ಮುಂದೆ ಕೂರತೊಡಗಿದೆ. ಮೊದಲ ದಿನ ನಿನ್ನ ವೀರನ ಲೋಹದ ಕವಚ ಬಿಚ್ಚಿ ಅಡುಗೆಯವನ ಬಿಳಿ ಟೋಪಿ, ಪಟ್ಟೆ ಚಡ್ಡಿ ತೊಡಿಸಿದೆ. ಮರುದಿನ ಅಪ್ಪ ನೋಡಿದರು, ಹಣೆಯ ಭೂತಗನ್ನಡಿ ಕಣ್ಣಿಗೆ ಇಳಿಸಿ ಪರದೆಯ ಹತ್ತಿರ ಹೋಗಿ ಮತ್ತೆ ನೋಡಿದರು, "ಸೆಖೆ ಇರಬೇಕು ಪಾಪ" ಎಂದು ತಮಗೆ ತಾವೇ ಹೇಳಿಕೊಂಡು ಹಾಗೇ ಕಾವಲಿಗೆ ಹೊರಟರು. ಬಟ್ಟೆ ಬದಲಿಸುವುದು ಹೇಗೆಂದು ಅವರಿಗೆ ಗೊತ್ತಿಲ್ಲ. ಅದೇ ವಾರ ಹಲ್ಲಿ ಬಂತು. ಅಣ್ಣಾ, ನೀನಿರಬೇಕಿತ್ತು. ಅಡುಗೆಯವನ ಟೋಪಿ ಹಾಕಿಕೊಂಡ ಅಪ್ಪ, ಕುರ್ಚಿಯಿಂದ ಅರ್ಧ ಎದ್ದು, ಪರದೆಯಲ್ಲಿ ವೀರ ಬಗ್ಗಿದರೆ ತಾವೂ ಬಗ್ಗುತ್ತ, ಅವನು ಹಾರಿದರೆ ತಾವೂ ಹಿಮ್ಮಡಿ ಎತ್ತುತ್ತ, ಹದಿನಾಲ್ಕು ನಿಮಿಷ ಹೋರಾಡಿ ಹಲ್ಲಿಯನ್ನು ಕೆಡವಿದರು. ಆಮೇಲೆ ಸತ್ತ ಹಲ್ಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲಿಗೆ ಬಂದು, ಕಾವಲುಗಾರನ ಎದುರು ನಿಂತರು. ಅವನು "ಬಂದ್ಯಾ? ಬಾಗಿಲು ತೆಗೆದೇ ಇದೆ" ಎಂದ. ಅಪ್ಪ "ಬಂದೆ. ಇವತ್ತು ಸ್ವಲ್ಪ ತಡವಾಯ್ತು" ಎಂದರು. ಆ ಸಂಜೆ ಊಟದ ಮೇಜಿನಲ್ಲಿ ಕಾರಣವಿಲ್ಲದೆ ಶಿಳ್ಳೆ ಹಾಕಿದ್ದಕ್ಕೆ ಅಮ್ಮ ಹಣೆ ಮುಟ್ಟಿ ಜ್ವರ ನೋಡಿದಳು.

ಉತ್ತೇಜನಗೊಂಡ ನಾನು ಮುಂದುವರಿದೆ. ವೀರನ ಚೀಲಕ್ಕೆ ಇನ್ನೂರು ಎಲೆಕೋಸು ತುಂಬಿಸಿದೆ. ಅಪ್ಪ ಭಾರಕ್ಕೆ ಓಡಲಾರದೆ ಎರಡು ದಿನ ಆಮೆಯ ಹಾಗೆ ಕಾವಲು ಕಾದರು, ದೂರಲಿಲ್ಲ. ಆಮೇಲೆ ಒಂದು ಶನಿವಾರ ಕತ್ತಿಯನ್ನು ನಿನ್ನ ಮನೆಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಕೈಗೆ ಸೌಟು ಕೊಟ್ಟೆ. ಟೋಪಿಗೆ ಹೊಂದುತ್ತದೆ ಎಂಬ ಕಲಾದೃಷ್ಟಿಯಿಂದ. ಅಲ್ಲಿಗೇ ನಿಲ್ಲಿಸಿದ್ದರೆ ಈ ಪತ್ರ ಒಂದು ಪುಟದಲ್ಲಿ ಮುಗಿಯುತ್ತಿತ್ತು.

ನೆನಪಿದೆಯಾ, ನನಗೆ ಹುಷಾರಿಲ್ಲದೆ ಮಲಗಿದ್ದಾಗ ನೀನು ಪಕ್ಕದಲ್ಲಿ ಕೂತು ಆಡುತ್ತ ಆ ಆಟದ ಒಳಗುಟ್ಟು ಹೇಳಿಕೊಟ್ಟಿದ್ದೆ. "ನೋಡೇ ಕಪಿ, ಅಷ್ಟು ಭಯ ಬೀಳೋದೇನಿಲ್ಲ. ನಾವು ಊರ ಹತ್ತಿರ ಬಂದಾಗ ಮಾತ್ರ ಆಟ ಒಂದು ದಾಳ ಹಾಕುತ್ತೆ. ಬಿದ್ದರೆ ಡ್ರ್ಯಾಗನ್, ಬೀಳದಿದ್ರೆ ಇಲ್ಲ. ನಾವೇ ಬರದೆ ಇದ್ರೆ ದಾಳಾನೇ ಇಲ್ಲ." ಅಂದರೆ ಅಪ್ಪ ಹುಡುಕುತ್ತಿದ್ದ ನಿಯಮ ನನ್ನ ಹತ್ತಿರ ಇತ್ತು. ಅವರು ಊರು ಕಾಯಲು ಗೋಡೆ ಸುತ್ತಿ ಬಾಗಿಲಿಗೆ ಬಂದಷ್ಟು ಸಲವೂ ಆಟ ದಾಳ ಹಾಕುತ್ತಿತ್ತು. ಹೆಚ್ಚು ಕಾವಲು ಕಾದ ದಿನ ಹೆಚ್ಚು ದಾಳ. ಅವರ ಹಾಳೆಗಳಲ್ಲಿ ಸತ್ತವರ ಪಟ್ಟಿಯೂ ಇದೆ, ಮೂರು ಕೋಳಿ, ಒಂದು ಹಸು, ತರಕಾರಿಯವಳ ಗಂಡ. ಅವರು ಕುರ್ಚಿಯ ಹತ್ತಿರವೇ ಬರದಿದ್ದರೆ ಕೋಳಿಗಳೂ ಗಂಡನೂ ಕ್ಷೇಮವಾಗಿ ಇರುತ್ತಿದ್ದರು. ಇದನ್ನು ತಿಳಿದೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ ಅವರು ಆಡುವುದು ನಿಲ್ಲಿಸುತ್ತಾರೆ, ನಿಲ್ಲಿಸಿದರೆ ನನ್ನ ಬೆಡ್‌ಶೀಟಿನ ಹಿಂದಿನ ನಾಟಕ ಮುಗಿಯುತ್ತದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇತ್ತೆಂದು ಬರೆಯಲು ಪೆನ್ನು ಎತ್ತಿದೆ, ಬರಲಿಲ್ಲ.

ಅದೇ ಶನಿವಾರ, ಸೌಟು ಕೊಟ್ಟ ಮೇಲೆ, ನನಗೆ ಜೀವಮಾನದ ಕುಚೇಷ್ಟೆ ಹೊಳೆಯಿತು. ವೀರನನ್ನು ಹೊರಗೆ ಒಯ್ದು ಬಾಗಿಲಿಗೆ ತರುವುದು, ದಾಳ ಬೀಳದಿದ್ದರೆ ಮತ್ತೆ ಒಯ್ಯುವುದು, ಮತ್ತೆ ತರುವುದು. ಮೂವತ್ತೊಂದನೇ ಸಲಕ್ಕೆ ಕೋಟೆಯ ಗೋಡೆಯ ಮೇಲೆ ರೆಕ್ಕೆಯ ನೆರಳು ಹಾದುಹೋಯಿತು. ತಕ್ಷಣ ಅಲ್ಲಿಗೇ ಆಟವನ್ನು ಸೇವ್ ಮಾಡಿ ಉಳಿಸಿ ಪೆಟ್ಟಿಗೆ ಆಫ್ ಮಾಡಿದೆ. ಸೋಮವಾರ ಅಪ್ಪ ಗುಂಡಿ ಒತ್ತಿದ ಮರುಕ್ಷಣ ಹಲ್ಲಿ ಮುಖದ ಮೇಲೇ ಬರಬೇಕು, ಅವರು ಕುರ್ಚಿಯಿಂದ ಹಾರಿಬೀಳಬೇಕು, ನಾನು ಬಾಲ್ಕನಿಯಲ್ಲಿ ನಕ್ಕು ನಕ್ಕು ಬಕೆಟ್ಟಿನಿಂದ ಉರುಳಬೇಕು. ಅಂಗಡಿಗೆ ರಜೆಯಿದ್ದ ಭಾನುವಾರವಿಡೀ ನನಗೆ ಊಟ ರುಚಿಸಲಿಲ್ಲ, ಖುಷಿಗೆ.

ಸೋಮವಾರ, ತಾರೀಖು ಎರಡು. ಅಪ್ಪ ಕೂತರು, ಒರೆಸಿದರು, ಒತ್ತಿದರು. ಬೆಂಕಿ. ಅವರು ಹಾರಿಬಿದ್ದದ್ದು ನಿಜ. ಒಂದು ಕ್ಷಣ ನಾನು ನಕ್ಕದ್ದೂ ನಿಜ. ಆಮೇಲೆ ಅವರು ಕತ್ತಿ ಬೀಸುವ ಗುಂಡಿ ಒತ್ತಿದರು, ವೀರ ಸೌಟು ಬೀಸಿದ. ಮತ್ತೆ ಒತ್ತಿದರು, ಮತ್ತೆ ಸೌಟು. "ಎಲ್ಲೋ ಕತ್ತಿ, ಎಲ್ಲೋ" ಎಂದು ಚೀಲ ತೆರೆದರೆ ಎಲೆಕೋಸು. ಅಷ್ಟರಲ್ಲಿ ಆ ಮುದಿ ಕಾವಲುಗಾರ, ನೀನು ಆಡಿದ ನಾನೂರು ಗಂಟೆಗಳಲ್ಲಿ ಒಮ್ಮೆಯೂ ಬಾಗಿಲು ಬಿಟ್ಟು ಕದಲದವನು, ಈಟಿ ಹಿಡಿದು ಓಡಿಬಂದು ವೀರನ ಮುಂದೆ ನಿಂತ. ನಿಂತವನು ಹಾಗೇ ಬಿದ್ದ. ಅಪ್ಪ ಗಾಬರಿಯಲ್ಲಿ ಎಲೆಕೋಸಿನ ಭಾರ ಹೊತ್ತೇ ಬಾಗಿಲ ಒಳಗೆ ಸೇರಿಕೊಂಡರು. ಒಳಗೆ ಕಾಲಿಟ್ಟ ಕೂಡಲೇ ಪೆಟ್ಟಿಗೆ ತನ್ನಷ್ಟಕ್ಕೆ ತಾನೇ, ನಾನು ಶನಿವಾರ ಉಳಿಸಿಟ್ಟದ್ದನ್ನು ಅಳಿಸಿ ಅದರ ಮೇಲೆಯೇ, ಆಟವನ್ನು ಉಳಿಸಿಬಿಟ್ಟಿತು. ಅವನು ಸತ್ತ ಹಾಗೇ.

ಹಲ್ಲಿ ಹಾರಿಹೋದ ಮೇಲೆ ಅಪ್ಪ ಹೊರಗೆ ಬಂದು ಒಳಗೆ ಹೋದರು. ಯಾರೂ ಮಾತಾಡಲಿಲ್ಲ. ಮತ್ತೆ ಹೊರಗೆ ಬಂದು ಒಳಗೆ ಹೋದರು. ಏಳು ಸಲ ಎಣಿಸಿದೆ. ಪ್ರತಿ ಸಲವೂ ಬಾಗಿಲಲ್ಲಿ, ಅವನ ಮಾತು ಮುಗಿಯಲು ಬೇಕಾಗುವಷ್ಟು ಹೊತ್ತು ನಿಂತು ಕಾದರು. ಆಮೇಲೆ ಕಂಟ್ರೋಲರನ್ನು ಒರೆಸಿ ಇಟ್ಟು ಕೆಳಗೆ ಹೋದರು. ದಿನವೂ ಮೂರಕ್ಕೆ ಎತ್ತುವ ಶಟರನ್ನು ಅವತ್ತು ಎರಡೂ ನಲವತ್ತಕ್ಕೇ ಎತ್ತಿದ ಸದ್ದು ಕೇಳಿಸಿತು.

ನೀನು ಹೋದ ದಿನ ಕೆಳಗೆ ಅಂಗಡಿಯಲ್ಲಿ ಏನು ನಡೆಯಿತೆಂದು ನಾನು ಮೆಟ್ಟಿಲ ಮೇಲೆ ಕೂತು ಕೇಳಿದ್ದೇನೆ. ಹಡಗಿಗೆ ಸೇರುತ್ತೇನೆ ಎಂದು ನೀನು, ರಿಪೇರಿ ಬೆಂಚಿನ ಮುಂದೆ ನಿನಗೆಂದು ಇನ್ನೊಂದು ಸ್ಟೂಲು ಹಾಕಿ ಆಗಿದೆ ಎಂದು ಅವರು. ಕೊನೆಗೆ ಅಪ್ಪ ಹೇಳಿದ ಮಾತು, "ಹೋಗು. ಹೋದವರಿಗೆಲ್ಲ ಬಾಗಿಲು ತೆಗೆದಿಡೋಕೆ ಇದೇನು ನಿನ್ನ ಆಟ ಅಲ್ಲ." ನೀನು ತಿರುಗಿ ಹೇಳಿದ್ದು, "ಸರಿ, ಇನ್ನು ನಿಮ್ಮ ಹತ್ರ ಮಾತು ಇಷ್ಟೇ." ಅದಾಗಿ ಹದಿನಾಲ್ಕು ತಿಂಗಳು. ಹಡಗು ಬಂದರು ಸೇರಿದಾಗಲೆಲ್ಲ ನೀನು ಅಮ್ಮನ ಫೋನಿಗೆ ಮಾಡುತ್ತೀಯ, ಅಮ್ಮ ನನಗೆ ಕೊಡುತ್ತಾಳೆ, ಅಪ್ಪ ಎದ್ದು ಇನ್ನೊಂದು ಕೋಣೆಗೆ ಹೋಗುತ್ತಾರೆ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಆ ಇನ್ನೊಂದು ಕೋಣೆಯಲ್ಲಿ ಅವರು ಬಾಗಿಲ ಹಿಂದೆಯೇ ನಿಂತಿರುತ್ತಾರೆ, ಕೆಳಗಿನ ಸಂದಿಯಲ್ಲಿ ಚಪ್ಪಲಿ ಕಾಣುತ್ತದೆ.

ಈಗಿನ ಸ್ಥಿತಿ ಹೀಗಿದೆ. ಹೋದ ವಾರ ಅಪ್ಪ ಒಬ್ಬಾಕೆಯ ಕೈಗಡಿಯಾರವನ್ನು ಸೆಕೆಂಡಿನ ಮುಳ್ಳು ಹಾಕದೆಯೇ ಮುಚ್ಚಿ ಕೊಟ್ಟರು. ಅಪ್ಪ. ಆಕೆ ವಾಪಸ್ ತಂದಾಗ ಪಕ್ಕದ ಜೆರಾಕ್ಸ್ ಅಂಗಡಿಯವನು "ಏನ್ ಯಜಮಾನ್ರೇ, ಯಾರ ಧ್ಯಾನದಲ್ಲಿದ್ರಿ?" ಎಂದು ನಕ್ಕ. ಅಪ್ಪ ನಗಲಿಲ್ಲ. ಊಟದ ನಡುವೆ ಅಮ್ಮನಿಗೆ ಇದ್ದಕ್ಕಿದ್ದ ಹಾಗೆ, "ನಾನು ಅಲ್ಲೇ ಇದ್ದೆ. ಇದ್ದೂ ಆಗ್ಲಿಲ್ಲ" ಎಂದರು. ಎಲ್ಲಿ ಎಂದು ಅಮ್ಮ ಕೇಳಿದಳು. "ಬಾಗಿಲಲ್ಲಿ" ಎಂದರು. ಅಂಗಡಿಯಲ್ಲಿ ಏನಾದರೂ ಕಳವಾಯಿತೇ ಎಂದು ಅಮ್ಮನಿಗೆ ಗಾಬರಿ. ಇನ್ನೊಂದು ದಿನ, ನನ್ನ ಮುಖ ನೋಡದೆ, ಗಿರಾಕಿಯೊಬ್ಬರು ವಿಚಾರಿಸಿದರು ಎಂಬ ಧಾಟಿಯಲ್ಲಿ ಕೇಳಿದರು, "ಈ ಟಿವಿ ಆಟಗಳಲ್ಲಿ ಸತ್ತವರನ್ನ ವಾಪಸ್ ತರೋಕೆ ಬರುತ್ತಾ ಮಗಳೇ? ಒಬ್ಬರು ಕೇಳ್ತಿದ್ರು." ಮೊದಲೇ ಸೇವ್ ಮಾಡಿಟ್ಟ ಹಳೆಯ ಉಳಿಕೆ ಇದ್ದರೆ ಬರುತ್ತದೆ ಎಂದೆ. ತಟ್ಟೆಗೆ ಕಣ್ಣು ನೆಟ್ಟು ಹೇಳಿದೆ.

ಹಳೆಯ ಉಳಿಕೆ ಇದೆ. ಹೋಗುವ ಮುನ್ನ ನೀನು ಉಳಿಸಿಟ್ಟದ್ದು, ಕಾವಲುಗಾರ, ಹಸು, ಕೋಳಿ, ಎಲ್ಲರೂ ಬದುಕಿರುವುದು. ಆದರೆ ಅದು ನಿನ್ನ ಬೀಗದ ಹಿಂದಿದೆ, ನಾಲ್ಕು ಅಂಕಿ ಕೇಳುತ್ತದೆ, ದಿನಕ್ಕೆ ಮೂರೇ ಸಲ ತಪ್ಪಬಹುದು. ನಾನು ನನಗೆ ತೋಚಿದ್ದನ್ನೆಲ್ಲ ಒತ್ತಿ ನೋಡಿದೆ. ಹದಿನಾಲ್ಕನೇ ತಾರೀಖು ಶನಿವಾರ ಕೂತಾಗ, ನಾನು ಒಂದನ್ನೂ ಒತ್ತುವ ಮೊದಲೇ, ಇನ್ನು ಒಂದೇ ಅವಕಾಶ ಉಳಿದಿದೆ ಎಂದು ಪರದೆ ಹೇಳಿತು. ಸೆಳೆಖಾನೆ ಎಳೆದು ನೋಡಿದೆ. ಹೊಸ ಹಾಳೆ. ಅದರ ಮೇಲೆ ಅಪ್ಪ ಒತ್ತಿ ನೋಡಿ ಹೊಡೆದುಹಾಕಿದ ಅಂಕಿಗಳು, ಪ್ರತಿಯೊಂದರ ಎದುರಿಗೂ ಅದು ಏನೆಂಬ ವಿವರ. ನೀನು ಹುಟ್ಟಿದ ದಿನ. ಹುಟ್ಟಿದ ಸಮಯ, ನಾಲ್ಕು ಗಂಟೆ ನಲವತ್ತೆರಡು ನಿಮಿಷ. ನಿನ್ನ ಮೊದಲ ಶಾಲಾ ಬಸ್ಸಿನ ನಂಬರು. ಕಾಲು ಮುರಿದಾಗ ಆಸ್ಪತ್ರೆಯಲ್ಲಿ ನೀನು ಮಲಗಿದ್ದ ವಾರ್ಡು, ಮಂಚ. ಹತ್ತನೇ ಕ್ಲಾಸು ಪಾಸಾದಾಗ ಅವರು ಕೊಟ್ಟ ಗಡಿಯಾರದ ಬೆನ್ನ ಮೇಲಿನ ಸಂಖ್ಯೆಯ ಕೊನೆಯ ನಾಲ್ಕು. ಕಾಲೇಜಿನ ಪರೀಕ್ಷೆಯ ನಂಬರು, ಫೇಲಾದ ವರ್ಷದ್ದೂ ಸೇರಿ. ಎಲ್ಲಕ್ಕಿಂತ ಕೆಳಗೆ, ಹೋದ ದಿನ ನಿನ್ನ ಬಸ್ಸು ಹೊರಟ ಸಮಯ. ಅವತ್ತು ಅವರು ಅಂಗಡಿಯಿಂದ ಹೊರಗೇ ಬಂದಿರಲಿಲ್ಲ ಅಣ್ಣಾ. ಆ ಸಮಯ ಅವರಿಗೆ ಹೇಗೆ ಗೊತ್ತಾಯಿತೋ ನನಗೆ ಗೊತ್ತಿಲ್ಲ.

ಆವತ್ತಿನಿಂದ ನಾನು ಒತ್ತುವುದನ್ನು ಬಿಟ್ಟಿದ್ದೇನೆ. ಮೂರು ಅವಕಾಶವೂ ಅವರಿಗೇ ಇರಲಿ ಎಂದು.

ಆದುದರಿಂದ ಈ ಮೂಲಕ ಕೋರುವುದೇನೆಂದರೆ, ಆ ನಾಲ್ಕು ಅಂಕಿಗಳನ್ನು ದಯವಿಟ್ಟು ಬರೆದು ಕಳಿಸು. ನಾನು ಸದ್ದಿಲ್ಲದೆ ಹಳೆಯದನ್ನು ತೆರೆದು, ಕಾವಲುಗಾರನನ್ನು ಬಾಗಿಲಲ್ಲಿ ನಿಲ್ಲಿಸಿ, ಕತ್ತಿ ಕೈಗೆ ಕೊಟ್ಟು, ಟೋಪಿ ತೆಗೆದು, ಏನೂ ಆಗಿಲ್ಲವೆಂಬಂತೆ ಸರಿಮಾಡಿ ಇಡುತ್ತೇನೆ. ಅಪ್ಪನಿಗೆ ಇದೆಲ್ಲ ನನ್ನ ಕೈವಾಡ ಎಂದು ಯಾವತ್ತೂ ಗೊತ್ತಾಗಬೇಕಿಲ್ಲ. ಶಿಕ್ಷೆಯಾಗಿ ನಾನು ಒಂದು ತಿಂಗಳು ಯಾರಿಗೂ ಏನೂ ಮಾಡುವುದಿಲ್ಲ, ಜೆರಾಕ್ಸ್ ಅಂಗಡಿಯವನನ್ನು ಬಿಟ್ಟು.

ಅಂಗೈಗೆ ಮುಲಾಮು ಹಚ್ಚು. ಬಿಸಿ ಪೈಪಿನ ಹತ್ತಿರ ಕವಿಯ ಹಾಗೆ ನಿಲ್ಲಬೇಡ. ಅಮ್ಮ ಹರಸಿದ್ದಾಳೆ, ಎರಡು ಜೊತೆ ಕಾಲುಚೀಲ ಬೇರೆ ಪೊಟ್ಟಣದಲ್ಲಿ ಬರುತ್ತಿದೆ, ಅವು ಒಂದೇ ಬಣ್ಣದವು ಎಂದು ಅವಳ ನಂಬಿಕೆ.

ನಿನ್ನ ಒಬ್ಬಳೇ ತಂಗಿ, ತನಿಖಾ ಆಯೋಗದ ಅಧ್ಯಕ್ಷೆ, ಈಗ ಆರೋಪಿ,
ಕಪಿ

ಮರೆತದ್ದು: ಮಧ್ಯಾಹ್ನ ಮೂರೂ ಹತ್ತು. ಹಡಗು ಕಂಪನಿಯ ಕಚೇರಿಯಲ್ಲಿ ಟಪಾಲು ಚೀಲ ನಾಲ್ಕಕ್ಕೆ ಕಟ್ಟುತ್ತಾರೆ, ಅವಸರದಲ್ಲಿದ್ದೇನೆ, ಅಕ್ಷರ ಕ್ಷಮಿಸು. ಲಕೋಟೆಗೆ ಗೋಂದು ಕೇಳಲು ಎರಡು ಗಂಟೆಗೆ ಅಂಗಡಿಗೆ ಇಳಿದೆ. ಅಪ್ಪ ಶಟರ್ ಎಳೆಯುವವರಿದ್ದರು. "ಅವನಿಗಾ?" ಎಂದರು. ಹೌದು ಎಂದೆ. ಗೋಂದಿನ ಡಬ್ಬಿ ಕೊಟ್ಟು, ಮುಚ್ಚಳ ತಿರುಗಿಸಿ ತೆಗೆದೂ ಕೊಟ್ಟರು. ನನಗೆ ಏನಾಯಿತೋ, ಅಲ್ಲೇ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ, ಬೆಡ್‌ಶೀಟು, ಟೋಪಿ, ಸೌಟು, ಮೂವತ್ತೊಂದು ಸಲ. ನಿನ್ನ ಸ್ಟೂಲು, ಅದು ಇನ್ನೂ ಅಲ್ಲೇ ಇದೆ. ಬೈಯುತ್ತಾರೆಂದು ಕಾದೆ. ಅವರು ಭೂತಗನ್ನಡಿ ಹಣೆಯಿಂದ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ನಾವು ಹತ್ತಿರ ಬಂದಾಗ ಮಾತ್ರ ಅದು ಬರೋದು" ಎಂದರು. ಹೌದು ಎಂದೆ. "ಯಾರೂ ಬರದೇ ಇದ್ರೆ ಊರು ಕ್ಷೇಮ." ಹೌದು ಎಂದೆ. ಗೋಡೆಯ ಮೇಲಿನ ಅಷ್ಟೂ ಗಡಿಯಾರಗಳು ಮಾತಾಡುತ್ತಿದ್ದವು. ಆಮೇಲೆ, "ಅಂಥ ಕ್ಷೇಮ ತಗೊಂಡು ಏನ್ ಮಾಡೋದು" ಎಂದರು. ಸೌಟಿನ ವಿಚಾರ ಅಮ್ಮನಿಗೆ ಹೇಳಬೇಡ ಎಂದೂ ಹೇಳಿದರು.

ಆದ್ದರಿಂದ ಮೇಲೆ ಕೋರಿದ್ದನ್ನು ರದ್ದುಪಡಿಸಲಾಗಿದೆ. ಅಂಕಿಗಳನ್ನು ನನಗೆ ಬರೆಯಬೇಡ. ನಾನು ಮೆಟ್ಟಿಲು ಹತ್ತುವಾಗ ಅಪ್ಪ ಹಿಂದಿನಿಂದ ಕೂಗಿ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಬಂದರು ಸೇರಿದಾಗ ಅಂಗಡಿ ಫೋನಿಗೆ ಮಾಡೋಕೆ ಹೇಳು. ಎರಡರಿಂದ ಮೂರು ನಾನು ಮೇಲೆ ಹೋಗಲ್ಲ, ಇಲ್ಲೇ ಇರ್ತೀನಿ." ಈಗ ಕಿಟಕಿಯಿಂದ ಬಗ್ಗಿ ನೋಡಿದೆ. ಊಟದ ಸಮಯ ಮುಗಿದರೂ ಶಟರ್ ಎತ್ತಿದ ಸದ್ದು ಬಂದಿರಲಿಲ್ಲ, ಯಾಕೆಂದು. ಇವತ್ತು ಅವರು ಅದನ್ನು ಎಳೆದೇ ಇರಲಿಲ್ಲ.